ತುಂಗಭದ್ರಾ ಸ್ನಾನ: ಕೆಲವು ವಿಚಾರಗಳು

ಫಾಲ್ಗುಣ ಬಹುಳ ದ್ವಿತೀಯಾದಂದು ಶ್ರೀಸುಧೀಂದ್ರತೀರ್ಥರ ಆರಾಧನೆ, ಚತುರ್ಥಿಯಂದು ಶ್ರೀವ್ಯಾಸರಾಜರ ಆರಾಧನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಆಸ್ತಿಕ ಕುಟುಂಬಗಳು ಆನೆಗೊಂದಿಗೆ ಬಂದು, ದೋಣಿಯಲ್ಲಿ ನಡುಗಡ್ಡೆಯನ್ನು ಸೇರಿ, ನವವೃಂದಾವನಗಳ ದರ್ಶನ ಪಡೆಯುವುದು ತಲೆತಲಾಂತರದ ಸಂಪ್ರದಾಯ. ದರ್ಶನಕ್ಕೆ ಮುನ್ನ ನದೀಸ್ನಾನ. ಆ ಸ್ನಾನವನ್ನು ಕುರಿತೇ ಈ ಲೇಖನ.

'ತುಂಗಾ ಪಾನ, ಗಂಗಾ ಸ್ನಾನ' ಎಂದು ಹಿರಿಯರು ಹೇಳುವರು. ನಮ್ಮ ನದಿಯ ಹಿರಿಮೆಯನ್ನು ಅವರು ಕಂಡದ್ದು ಅದರ ಕುಡಿಯುವ ನೀರಿನಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ವರಾಹಪರ್ವತದ ಗಂಗಾಮೂಲದಲ್ಲಿ ಜನಿಸಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸಂಗಮಿಸಿ, ಮೂರು ರಾಜ್ಯಗಳ ಜನರಿಗೆ ನೀರುಣಿಸಿ, ಕೊನೆಗೆ ಕೃಷ್ಣೆಯನ್ನು ಸೇರುತ್ತವೆ. ಆನೆಗೊಂದಿಯಲ್ಲಿ ನಾವು ಮಿಂದ ನೀರೇ ಕಂಪ್ಲಿಯನ್ನು ದಾಟಿ, ಮುಂದೆ ಮಂತ್ರಾಲಯದ ಸ್ನಾನಘಟ್ಟವನ್ನು ಮುಟ್ಟುತ್ತದೆ. ಅಲ್ಲಿ ಮತ್ತೊಬ್ಬ ಭಕ್ತನು ಅದನ್ನೇ ಬೊಗಸೆಯಲ್ಲಿ ಹಿಡಿದು ಸಂಕಲ್ಪ ಮಾಡುತ್ತಾನೆ, ಆಚಮನ ಮಾಡುತ್ತಾನೆ.

ಶ್ರಾವಣದಲ್ಲಿ ಶ್ರೀರಾಘವೇಂದ್ರಸ್ವಾಮಿಗಳ ಆರಾಧನೆಯ ಹೊತ್ತಿಗೆ ಸಾಮಾನ್ಯವಾಗಿ ಹೊಳೆ ತುಂಬಿರುತ್ತದೆ. ಫಾಲ್ಗುಣದ ಸ್ಥಿತಿ ಬೇರೆ. 1953ರಿಂದ ನದಿಯ ನೀರು ಮುನಿರಾಬಾದಿನ ಜಲಾಶಯದಲ್ಲಿ ನಿಂತು ಕಾಲುವೆಗಳಿಗೆ ಹರಿಯುತ್ತಿದೆ. ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಆ ಜಲಾಶಯವು ಹೂಳಿನ ದೆಸೆಯಿಂದ ಇಂದು 105ರ ಆಸುಪಾಸಿಗೆ ಇಳಿದಿದೆ. ಬೇಸಿಗೆ ಬಂದಂತೆ ಅಣೆಕಟ್ಟಿನ ಕೆಳಗಿನ ಪಾತ್ರದಲ್ಲಿ ಬಂಡೆಗಳ ನಡುವೆ ಮಡುಗಳು ಮಾತ್ರ ಉಳಿಯುವುದುಂಟು. ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳಿಂದ ಗೊಬ್ಬರ, ಕೀಟನಾಶಕಗಳನ್ನು ಹೊತ್ತ ಬಸಿನೀರೂ ಊರುಗಳ ಚರಂಡಿಯ ನೀರೂ ಬಂದು ಸೇರುವುದು ಇದೇ ಕ್ಷೀಣಪ್ರವಾಹಕ್ಕೆ. ನಮ್ಮ ಸಾಬೂನು ಬೀಳುವುದೂ ಅಲ್ಲಿಗೇ.

ಗೊಬ್ಬರದಲ್ಲಿಯೂ ಚರಂಡಿಯ ನೀರಿನಲ್ಲಿಯೂ ಕೆಲವು ಬಟ್ಟೆಪುಡಿಗಳಲ್ಲಿಯೂ ರಂಜಕದ ಅಂಶವಿರುತ್ತದೆ. ಅದು ಪಾಚಿಗೆ ಪುಷ್ಟಿ. ಪಾಚಿ ಹಬ್ಬಿದಾಗ ನೀರು ಹಸಿರಾಗುತ್ತದೆ. ಜಲಾಶಯದ ನೀರು ಹೀಗೆ ಹಸಿರುಗಟ್ಟಿದ್ದನ್ನು ಈ ಭಾಗದವರು ಹಲವು ವರ್ಷ ಕಂಡಿದ್ದಾರೆ. ಪಾಚಿಯು ಹಗಲಿನಲ್ಲಿ ಪ್ರಾಣವಾಯುವನ್ನು ಬಿಟ್ಟರೂ ರಾತ್ರಿ ನೀರಿನೊಳಗಿನದನ್ನೇ ಹೀರುತ್ತದೆ. ಸತ್ತು ಕೊಳೆಯುವಾಗ ಇನ್ನಷ್ಟನ್ನು ವ್ಯಯಮಾಡುತ್ತದೆ. ಆಗ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಮೀನಿಲ್ಲದೆ ನೀರುನಾಯಿಗೆ ಬದುಕಿಲ್ಲ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ನದೀಭಾಗವನ್ನು ಸರ್ಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ನವವೃಂದಾವನದ ನಡುಗಡ್ಡೆಯಿರುವುದು ಈ ಮೇರೆಯೊಳಗೇ. ಯತಿಗಳ ಸನ್ನಿಧಿಯಲ್ಲಿ ಬಾಳುವ ಈ ಪ್ರಾಣಿಯನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿಲ್ಲವೆಂಬುದು ಸೋಜಿಗ!

ಈ ವಿಷಯದಲ್ಲಿ ಶಾಸ್ತ್ರದ ನಿಲುವೇನು? ಜಲದಲ್ಲಿ ಮಲಮೂತ್ರ ವಿಸರ್ಜಿಸಬಾರದು, ಉಗುಳಬಾರದು ಎಂದು ತೈತ್ತಿರೀಯ ಆರಣ್ಯಕವು ನಿಷೇಧಿಸುತ್ತದೆ. ಅಶುಚಿಯಾದ ಯಾವುದನ್ನೂ ನೀರಿಗೆ ಹಾಕಬಾರದೆಂದು ಮನುಸ್ಮೃತಿಯೂ ಹೇಳುತ್ತದೆ. ಧರ್ಮಶಾಸ್ತ್ರಕಾರರು ಸ್ನಾನವನ್ನು ವಿಭಾಗಿಸುವಾಗ ದೇಹದ ಕೊಳೆ ಕಳೆಯುವ ಮಲಾಪಕರ್ಷಣ ಸ್ನಾನವನ್ನು ಬೇರೆಯಾಗಿಯೇ ಎಣಿಸಿದ್ದಾರೆ. ಪರ್ವಕಾಲದ ತೀರ್ಥಸ್ನಾನದ ಪ್ರಯೋಜನವೇ ಬೇರೆ. ಸಾಬೂನು ಹಚ್ಚಿ ಮೀಯುವುದು ಮೊದಲನೆಯ ಬಗೆ. ಅದನ್ನು ಮನೆಯಲ್ಲಿಯೋ ಬಿಡಾರದಲ್ಲಿಯೋ ಮುಗಿಸಿ ಬರಬಹುದು. ಉಟ್ಟ ಬಟ್ಟೆಯನ್ನು ಹಿಂಡುವುದು ಕೂಡ ದಡದ ಮೇಲೆ, ನೀರಿನೊಳಗಲ್ಲ. ಇನ್ನು ಮಿಂದ ಬಟ್ಟೆಯನ್ನು ಹೊಳೆಗೆ ಬಿಟ್ಟರೆ ದೋಷ ಹೋಗುವುದೆಂಬ ನಂಬಿಕೆಯು ಎಲ್ಲಿಂದ ಬಂದಿತೋ! ಈ ಲೇಖಕನೂ ಎಳವೆಯಲ್ಲಿ ದೊಡ್ಡವರನ್ನು ನೋಡಿ ಒಂದು ಪಂಚೆಯನ್ನು ಬಿಟ್ಟವನೇ. ಅದು ತೇಲಿಹೋಗಲಿಲ್ಲ, ಹತ್ತು ಮಾರು ದೂರದ ಬಂಡೆಗೆ ಸುತ್ತಿಕೊಂಡಿತು.

ತೀರ್ಥಕ್ಷೇತ್ರಗಳ ನದೀತೀರದಿಂದ 500 ಮೀಟರಿನೊಳಗೆ ಸಾಬೂನು, ಶಾಂಪೂ ಮಾರದಂತೆಯೂ ಭಕ್ತರು ನದಿಯಲ್ಲಿ ಬಟ್ಟೆ ಬಿಡದಂತೆಯೂ ನೋಡಿಕೊಳ್ಳಬೇಕೆಂದು 2025ರ ಮಾರ್ಚಿಯಲ್ಲಿ ರಾಜ್ಯದ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚಿಸಿದರು. ಋಷಿಗಳು ವಿಧಿಸಿದ್ದನ್ನು ಸರ್ಕಾರವು ನೆನಪಿಸಬೇಕಾಗಿ ಬಂದುದು ನಮಗೆ ಸಂಕೋಚದ ಸಂಗತಿ.

ಗದ್ದೆಯ ವಿಷವನ್ನೂ ಚರಂಡಿಯನ್ನೂ ತಡೆಯುವುದು ಯಾತ್ರಿಕನ ಕೈಯಲ್ಲಿಲ್ಲವೆಂದು ಕೆಲವರು ಆಕ್ಷೇಪಿಸುವರು. ಒಪ್ಪತಕ್ಕ ಮಾತೇ. ಆದರೆ ಜನ ಕೂಡಿದರೆ ಏನಾಗುವುದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ನಿದರ್ಶನವಿದೆ. ಹೂಳು, ಜಾಲಿ, ಕಸಗಳಿಂದ ಕಟ್ಟಿಹೋಗಿದ್ದ ಕೊಪ್ಪಳದ ಹಿರೇಹಳ್ಳವನ್ನು 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಊರವರೊಡನೆ ತಾವೇ ಹಳ್ಳಕ್ಕಿಳಿದು ಸುಮಾರು 26 ಕಿ.ಮೀ. ಉದ್ದಕ್ಕೂ ಸ್ವಚ್ಛಗೊಳಿಸಿದರು. ಕುಷ್ಟಗಿ, ಯಲಬುರ್ಗಾದ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬೆರೆತ ನೀರನ್ನು ಕುಡಿದವರಿಗೆ ಸಿಹಿನೀರಿನ ಹಳ್ಳವೊಂದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಬರುವ ಫಾಲ್ಗುಣದಲ್ಲಿ ದೋಣಿ ಹತ್ತುವ ಸಜ್ಜನರು ಒಂದು ಚೀಲವನ್ನು ಹೆಚ್ಚಿಗೆ ತರಬೇಕೆಂದು ಪ್ರಾರ್ಥನೆ. ಒದ್ದೆ ಬಟ್ಟೆ, ಎಲೆ, ಪ್ಲಾಸ್ಟಿಕ್ ಪೊಟ್ಟಣಗಳು ಅದರಲ್ಲಿಯೇ ಆನೆಗೊಂದಿಯ ದಡಕ್ಕೆ ಮರಳಲಿ. ನಿರ್ಮಾಲ್ಯದ ತುಳಸಿ, ಹೂಗಳನ್ನು ಮನೆಗೆ ಒಯ್ದು ಗಿಡದ ಬುಡಕ್ಕೆ ಹಾಕಬಹುದು.