ಕಟ್ಟಡ ಸಾಮಗ್ರಿಗಳ ಬಲ ಮತ್ತು ವಿಶ್ವಾಸಾರ್ಹತೆ

ಉದ್ದೇಶ: ವಸ್ತುವಿನ ಗುಣವನ್ನು ಅಳೆಯುವುದು ಬೇರೆ, ಆ ಅಳತೆಯನ್ನು ನಂಬುವುದು ಬೇರೆ ಎಂಬುದನ್ನು ವಿದ್ಯಾರ್ಥಿಗಳು ಸ್ವತಃ ಲೆಕ್ಕ ಮಾಡಿ ಅರಿಯುವರು.

ವಿಷಯ ಪ್ರವೇಶ: ಜತ್ತ ತಾಲೂಕಿನ ಗುಡ್ಡಾಪುರವು ದಾನಮ್ಮದೇವಿಯ ಕ್ಷೇತ್ರ. ಯಾತ್ರಿಕರು ಬಂದು ತಂಗುವ ಊರಿನ ಮಕ್ಕಳಿಗೆ ಗೋಡೆ, ಛಾವಣಿಗಳ ಭದ್ರತೆ ದೂರದ ವಿಷಯವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ಪರಿಸರದಲ್ಲಿ ಭೂಕಂಪವಾಗಿ ಸಾವಿರಾರು ಜನ ಮಡಿದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಯ ಮನೆಗಳೇ ಹೆಚ್ಚಾಗಿ ಕುಸಿದವು. ಕಲ್ಲು ಗಟ್ಟಿಯಾಗಿತ್ತು, ಅದನ್ನು ಹಿಡಿದಿಡಬೇಕಾದ ಮಣ್ಣು ದುರ್ಬಲವಾಗಿತ್ತು.

ಭಾಷಾ ಸೂಚನೆ: ಮಕ್ಕಳು ಮನೆಯಲ್ಲಿ ‘ಇಟ್ಟಂಗಿ’ ಎನ್ನುವರು, ಮರಾಠಿಯಲ್ಲಿ ‘ವೀಟ’ ಎಂದು ಕೇಳುವರು, ಪಠ್ಯದಲ್ಲಿ ‘ಇಟ್ಟಿಗೆ’ ಎಂದು ಓದುವರು. ಮೂರನ್ನೂ ಕರಿಹಲಗೆಯ ಮೇಲೆ ಬರೆದು ಪಾಠವನ್ನು ಆರಂಭಿಸಬೇಕು.

ಚಟುವಟಿಕೆ: ಚೆನ್ನಾಗಿ ಒಣಗಿದ ಐದು ಇಟ್ಟಿಗೆಗಳನ್ನು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಮೇಲ್ಮೈ ಒರೆಸಿ ಮತ್ತೆ ತೂಗಬೇಕು. 3 ಕಿಲೋಗ್ರಾಂ ಇದ್ದ ಇಟ್ಟಿಗೆ 3.45 ಕಿಲೋಗ್ರಾಂ ಆದರೆ ನೀರು ಹೀರಿಕೆ ಶೇ. 15. ಸಾಮಾನ್ಯ ದರ್ಜೆಯ ಇಟ್ಟಿಗೆಗಳ ಸರಾಸರಿ ಹೀರಿಕೆ ಶೇ. 20ನ್ನು ಮೀರಬಾರದೆಂದು ಭಾರತೀಯ ಮಾನಕ ವಿಧಿಸುತ್ತದೆ. ರಂಧ್ರ ಹೆಚ್ಚಿದಷ್ಟೂ ಹೀರಿಕೆ ಹೆಚ್ಚು. ಸಾಮಾನ್ಯವಾಗಿ ಬಲ ಕಡಿಮೆ.

ಚರ್ಚೆ: ಐದರ ಹೀರಿಕೆ ಶೇ. 12, 13, 14, 13, 33 ಎಂದು ಭಾವಿಸೋಣ. ಸರಾಸರಿ 17, ಮಿತಿಯೊಳಗೇ ಇದೆ. ಆದರೆ ಐದನೆಯ ಇಟ್ಟಿಗೆಯನ್ನು ಗೋಡೆಗೆ ಇಡಬಹುದೇ? ಸರಾಸರಿಯು ದೋಷವನ್ನು ಮರೆಮಾಡಬಲ್ಲದೆಂಬುದು ಇಲ್ಲಿ ವಿದ್ಯಾರ್ಥಿಗಳಿಗೆ ಹೊಳೆಯಬೇಕು.

ಕಾಂಕ್ರೀಟಿನ ಪರೀಕ್ಷೆಯಲ್ಲಿ ಇದಕ್ಕೊಂದು ನಿಯಮವೇ ಇದೆ. 150 ಮಿಲಿಮೀಟರ್ ಬದಿಯ ಮೂರು ಘನಗಳನ್ನು 28 ದಿನಗಳ ಬಳಿಕ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಯಾವ ಘನದ ಬಲವೂ ಸರಾಸರಿಯಿಂದ ಶೇ. 15ಕ್ಕಿಂತ ಹೆಚ್ಚು ದೂರ ಸರಿಯಕೂಡದು. ಪ್ರತಿ ಚದರ ಮಿಲಿಮೀಟರಿಗೆ 26, 18, 22 ನ್ಯೂಟನ್ ಬಂದರೆ ಸರಾಸರಿ 22. ಅನುಮತಿಸಿದ ಅಂತರ 3.3, ಕಂಡ ಅಂತರ 4. ಆದ್ದರಿಂದ ಆ ಫಲಿತಾಂಶ ಅಸಿಂಧು.

ಶಿಕ್ಷಕರ ಗಮನಕ್ಕೆ: ತರಗತಿಯ ಪ್ರಯೋಗವು ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ. ಯಾರದೇ ಮನೆಯ ಭದ್ರತೆಯ ಬಗ್ಗೆ ಇದರಿಂದ ತೀರ್ಪು ನೀಡಬಾರದು. ಮಾದರಿಗಳನ್ನು ರಾಶಿಯ ಬೇರೆ ಬೇರೆ ಕಡೆಗಳಿಂದ ಆಯಬೇಕು. ಮೇಲಿನ ಚಂದದ ಐದನ್ನೇ ಆರಿಸಿದರೆ ಲೆಕ್ಕ ಸರಿಯಿದ್ದರೂ ನಿರ್ಣಯ ತಪ್ಪಾದೀತು.

ಮೌಲ್ಯಮಾಪನ:
1. ಮೂರು ಘನಗಳ ಬಲ 21, 22, 26 ಆದರೆ ಫಲಿತಾಂಶ ಸಿಂಧುವೇ? ಲೆಕ್ಕದಿಂದ ತೋರಿಸಿರಿ.
2. ಗಟ್ಟಿ ಕಲ್ಲಿನ ಗೋಡೆಯೂ ಏಕೆ ಕುಸಿಯಬಹುದು? ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.