ನಮ್ಮ ಹೊಳೆಯ ಮೊಸಳೆಯನ್ನು ಅರಿಯೋಣ

ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯನ್ನು ದಾಟಿ, ಬೈಲಹೊಂಗಲ ಸೀಮೆಯ ಹೊಲಗಳ ಅಂಚಿನಲ್ಲಿ ಹರಿದು, ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟಿನ ಹಿಂದೆ ನಿಂತು, ರಾಮದುರ್ಗದ ಮಗ್ಗುಲಿಂದ ಮುಂದೆ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಟ್ಟೆ ಒಗೆಯಲು, ದನಗಳಿಗೆ ನೀರು ಕುಡಿಸಲು, ಪಂಪ್‌ಸೆಟ್ ನೋಡಿಬರಲು ದಂಡೆಯ ಊರಿನವರು ಹೊಳೆಗೆ ಇಳಿಯಲೇಬೇಕು. ಅದೇ ಹೊಳೆಯಲ್ಲಿ ಮೊಸಳೆಯೂ ಉಂಟು. ಹೀಗಿರುವಾಗ ಅದರ ನಡವಳಿಕೆ ನಮಗೆ, ವಿಶೇಷವಾಗಿ ನಮ್ಮ ಮಕ್ಕಳಿಗೆ, ತಿಳಿದಿರಬೇಡವೇ?

ಭಾರತದಲ್ಲಿ ಈ ವರ್ಗದ ಮೂರು ಜಾತಿಗಳಿವೆ. ಉಪ್ಪುನೀರಿನ ಮೊಸಳೆ ಒಡಿಶಾ, ಸುಂದರಬನ, ಅಂಡಮಾನಿನ ಕಡೆಯದು. ಉದ್ದವಾದ ಸಪೂರ ಮೂತಿಯ ಘಡಿಯಾಲ್ ಮುಖ್ಯವಾಗಿ ಮೀನು ತಿಂದು ಬದುಕುತ್ತದೆ. ಬೆಳೆದ ಗಂಡಿನ ಮೂಗಿನ ತುದಿಯಲ್ಲಿ ಗಡಿಗೆಯಂಥ ಉಬ್ಬು ಇರುವುದರಿಂದಲೇ ಅದಕ್ಕೆ ಆ ಹೆಸರು. ಉತ್ತರದ ಚಂಬಲ್ ನದಿ ಅದರ ದೊಡ್ಡ ಆಸರೆ. 2007-08ರ ಚಳಿಗಾಲದಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಘಡಿಯಾಲ್‌ಗಳು ಸತ್ತವು. ನಮ್ಮ ಹೊಳೆಯಲ್ಲಿರುವುದು ಅಗಲ ಮೂತಿಯ ಮಗ್ಗರ್.

ಮಗ್ಗರ್ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ದಂಡೆಯಲ್ಲಿ ಕುಳಿ ತೋಡಿ ಸುಮಾರು 25-30 ಮೊಟ್ಟೆ ಇಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಆ ಮಣ್ಣಿನ ಬಿಸಿ! 31 ಡಿಗ್ರಿಗಿಂತ ಕೆಳಗಿದ್ದರೆ ಹೆಣ್ಣು, 32.5ರ ಸುಮಾರಿಗೆ ಹೆಚ್ಚಾಗಿ ಗಂಡು. ಎರಡು ತಿಂಗಳ ನಂತರ ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ತಾಯಿ ಮಣ್ಣು ಕೆದರಿ, ಮರಿಗಳನ್ನು ಬಾಯಲ್ಲಿ ಇಟ್ಟುಕೊಂಡು ನೀರಿಗೆ ಒಯ್ಯುತ್ತದೆ. ಎಮ್ಮೆಯ ಮೂಳೆ ಮುರಿಯುವ ಹಲ್ಲುಗಳ ನಡುವೆ ಪುಟ್ಟ ಮರಿ! ತಂದೆಯೂ ಹೀಗೆ ಮರಿ ಹೊರುವುದನ್ನು ಮದ್ರಾಸ್ ಮೊಸಳೆ ಬ್ಯಾಂಕಿನಲ್ಲಿ ಕಂಡಿದ್ದಾರೆ. ಅಲ್ಲಿಯೇ ಇನ್ನೊಂದು ವಿಚಿತ್ರವನ್ನೂ ಗಮನಿಸಲಾಗಿದೆ: ಗೂಡು ಕಟ್ಟಲು ಕಡ್ಡಿ ಹುಡುಕುವ ಬೆಳ್ಳಕ್ಕಿಗಳನ್ನು ಹಿಡಿಯಲು ಮೊಸಳೆ ತನ್ನ ಮೂತಿಯ ಮೇಲೆ ಕಡ್ಡಿ ಹೊತ್ತು ಅಲುಗದೆ ಕಾಯುತ್ತದೆ.

ದಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆ ಯಾರನ್ನೋ ಹೆದರಿಸುತ್ತಿಲ್ಲ, ಮೈಯ ಬಿಸಿಯನ್ನು ಹದಕ್ಕೆ ತರುತ್ತಿದೆ. ಅಪಾಯವಿರುವುದು ಕಾಣದ ಮೊಸಳೆಯಿಂದ. ಮೂಗು, ಕಣ್ಣುಗಳನ್ನಷ್ಟೇ ಮೇಲಿಟ್ಟು ಅದು ಹೊಂಚುತ್ತದೆ. ಒಂದೇ ಜಾಗಕ್ಕೆ ದಿನವೂ ಬರುವ ಪ್ರಾಣಿಯ ಮೇಲೆ ಅದರ ಕಣ್ಣು. ಆದ್ದರಿಂದ ಮೊಸಳೆ ಕಂಡ ಕಡೆ ನಸುಕಿನಲ್ಲಿ, ಕತ್ತಲಾದ ಮೇಲೆ ನೀರಿಗೆ ಇಳಿಯಬೇಡಿ. ಬಗ್ಗಿ ಕೂತು ಪಾತ್ರೆ ತೊಳೆಯುವ ಬದಲು ಕೊಡದಲ್ಲಿ ನೀರು ತುಂಬಿಕೊಂಡು ಮೇಲೆ ಬನ್ನಿ. ಮೀನಿನ ತ್ಯಾಜ್ಯ, ಸತ್ತ ಕೋಳಿಯನ್ನು ಹೊಳೆಗೆ ಎಸೆಯುವ ರೂಢಿಯಂತೂ ಮೊಸಳೆಯನ್ನು ಕೈಯಾರೆ ಊಟಕ್ಕೆ ಕರೆದಂತೆ.

ಪ್ರವಾಹ ಬಂದರೆ ಎಚ್ಚರ ಇನ್ನೂ ಹೆಚ್ಚು ಬೇಕು. 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯೊಂದರ ಛಾವಣಿ ಮೇಲೆ ಮೊಸಳೆ ಬಂದು ಕೂತಿತ್ತು. ಇಂಥದ್ದನ್ನು ಕಂಡರೆ ಕಲ್ಲು ಹೊಡೆಯುವುದು, ಹಗ್ಗ ಹಾಕಿ ಎಳೆಯುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಕೊಲ್ಲುವುದು ಅಪರಾಧ. ಅರಣ್ಯ ಇಲಾಖೆಗೆ ತಿಳಿಸಿ. ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಫೋನ್ ಮಾಡಿ. ಮಳೆಗಾಲದ ಆರಂಭದಲ್ಲಿ ಪುಟ್ಟ ಮರಿಯೊಂದು ದಂಡೆಯಲ್ಲಿ ಕಂಡರೆ ಮಕ್ಕಳು ಅದನ್ನು ಕೈಗೆತ್ತಿಕೊಳ್ಳದಂತೆ ನೋಡಿಕೊಳ್ಳಿ. ಅದು ಕೂಗಿದರೆ ಓಡಿಬರುವ ತಾಯಿ ಹತ್ತಿರದ ನೀರಿನಲ್ಲೇ ಇರುತ್ತದೆ.