ಮಡಗಾಂವಿನ ಮೀನುಪೇಟೆ

ಪರಸ್ಥಳವನ್ನು ಅರಿಯಬೇಕೆನ್ನುವ ಪ್ರವಾಸಿಯು ಮೊದಲು ಅಲ್ಲಿಯ ಪೇಟೆಗೆ ಹೋಗಬೇಕು. ದಕ್ಷಿಣ ಕೊರಿಯದ ಬುಸಾನ್ ಬಂದರದಲ್ಲಿ ಜಗಾಲ್ಚಿ ಎಂಬ ದೊಡ್ಡ ಮೀನುಪೇಟೆಯಿದೆ. ಅಲ್ಲಿ ಮಾರುವವರು ಹೆಚ್ಚಾಗಿ ಹೆಂಗಸರೇ. ಕೆಳಗಿನ ಅಂತಸ್ತಿನಲ್ಲಿ ಜೀವಂತ ಮೀನನ್ನು ಆರಿಸಿಕೊಂಡು, ಮೇಲಿನ ಅಂತಸ್ತಿನಲ್ಲಿ ಅದನ್ನೇ ಅಡಿಗೆ ಮಾಡಿಸಿ ಉಣ್ಣಬಹುದು. ಅಷ್ಟು ದೂರದ ಪ್ರವಾಸ ನಮಗೆ ಸಾಧ್ಯವಿಲ್ಲವಾದರೂ, ಗೋವೆಯಲ್ಲಿರುವ ನಮಗೆ ಮಡಗಾಂವಿನ ಸಗಟು ಮೀನುಪೇಟೆಯು ಹತ್ತಿರದಲ್ಲಿಯೇ ಇದೆಯಷ್ಟೆ.

ನಾವು ಅಲ್ಲಿಗೆ ತಲುಪಿದಾಗ ಇನ್ನೂ ನಸುಕು. ಕಾರವಾರದ ಕಡೆಯಿಂದಲೂ ಮಹಾರಾಷ್ಟ್ರ, ಆಂಧ್ರಗಳಿಂದಲೂ ಬಂದ ಲಾರಿಗಳಿಂದ, ಬರ್ಫದಲ್ಲಿ ಹುಗಿದ ಮೀನಿನ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. ಚಿಲ್ಲರೆ ಮಾರುವ ಹೆಂಗಸರು ಚೌಕಾಶಿ ಮಾಡಿ ಬುಟ್ಟಿ ತುಂಬಿಕೊಂಡು ಹಳ್ಳಿಗಳಿಗೆ ಹೊರಟಿದ್ದರು. ಕೊಂಕಣಿಯ ಗದ್ದಲದ ನಡುವೆ, ಪೆಟ್ಟಿಗೆ ಹೊರುವವರ ಬಾಯಿಂದ ವಿಜಾಪುರದ ಕನ್ನಡವು ಕೇಳಿಬಂದಾಗ ನಮಗಾದ ಸಂತೋಷವೇ ಬೇರೆ.

ಬಯಲುಸೀಮೆಯಿಂದ ಬಂದ ನಮ್ಮ ಅನೇಕ ಕುಟುಂಬಗಳಿಗೆ ಕೆರೆ ಹೊಳೆಗಳ ಮೀನು ಗೊತ್ತು, ಕಡಲಿನದು ಗೊತ್ತಿಲ್ಲ. ಅಗ್ಗವೆಂದು ಸಂಜೆಗೆ ಉಳಿದ ಬಂಗಡೆಯನ್ನು ಕೊಂಡು ಕಾಯಿಲೆ ಬಿದ್ದವರುಂಟು. ಆದುದರಿಂದ ತಾಜಾ ಮೀನಿನ ಗುರುತುಗಳನ್ನು ಪಾಲಕರೂ ಮಕ್ಕಳೂ ತಿಳಿದಿರಬೇಕು. ಮೀನು ತಿನ್ನದ ಮನೆಯವರು ಇದನ್ನು ವಿಜ್ಞಾನದ ಪಾಠವೆಂದು ಓದಲಿ.

ತಾಜಾ ಮೀನಿನ ಕಣ್ಣು ಉಬ್ಬಿಕೊಂಡು ತಿಳಿಯಾಗಿರುತ್ತದೆ. ಹಳೆಯದರ ಕಣ್ಣು ಗುಳಿಬಿದ್ದು ಮಂಕಾಗಿರುತ್ತದೆ. ಕಿವಿರನ್ನು ಎತ್ತಿ ನೋಡಿದರೆ ಒಳಗೆ ಕೆಂಪಿರಬೇಕು. ಬೆರಳಿನಿಂದ ಒತ್ತಿದ ತಗ್ಗು ಕೂಡಲೇ ತುಂಬಿಕೊಳ್ಳಬೇಕು. ಸಿಗಡಿಯ ತಲೆ ಮೈಗೆ ಬಿಗಿಯಾಗಿ ಅಂಟಿರಬೇಕು. ಬಾಯಿ ತೆರೆದ ಚಿಪ್ಪಿಯನ್ನು ತಟ್ಟಿದಾಗ ಅದು ಮುಚ್ಚಿಕೊಳ್ಳದಿದ್ದರೆ ಒಳಗಿನ ಜೀವಿ ಸತ್ತಿದೆಯೆಂದು ತಿಳಿಯಬೇಕು. ನಾವು ಕಿವಿರನ್ನು ಎತ್ತಿ ನೋಡಲು ಅಂಜುತ್ತ ನಿಂತಾಗ, ಮಾರುವ ಮಾವಶಿಯು ತಾನೇ ಎತ್ತಿ ತೋರಿಸಿದಳು!

ಬಂಗಡೆಯ ಮಾತು ಇನ್ನೂ ಸ್ವಲ್ಪ ಇದೆ. ಅದನ್ನು ಬರ್ಫವಿಲ್ಲದೆ ಸೆಕೆಯಲ್ಲಿಟ್ಟರೆ ಸೂಕ್ಷ್ಮಜೀವಿಗಳು ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತುವನ್ನು ಉಂಟುಮಾಡುತ್ತವೆ. ಅದರಿಂದ ಮುಖ ಕೆಂಪೇರಿ ತಲೆ ನೋಯುವುದು, ಮೈ ತುರಿಸುವುದು. ಸಾರನ್ನು ಎಷ್ಟು ಕುದಿಸಿದರೂ ಆ ವಸ್ತುವು ನಾಶವಾಗದು. ಮೀನಿನಷ್ಟೇ ತೂಕದ ಬರ್ಫವನ್ನು ಬಳಸುವುದು ನಮ್ಮಂಥ ಉಷ್ಣಪ್ರದೇಶಗಳಲ್ಲಿ ರೂಢಿಯಲ್ಲಿರುವ ಲೆಕ್ಕ.

ಬರ್ಫದ ಖರ್ಚನ್ನು ಉಳಿಸಲು ಅಡ್ಡದಾರಿ ಹಿಡಿಯುವವರ ಭಯವೂ ಇದೆ. ಪ್ರಯೋಗಶಾಲೆಯ ಗಾಜಿನ ಭರಣಿಗಳಲ್ಲಿ ಸತ್ತ ಪ್ರಾಣಿಗಳನ್ನು ಕೆಡದಂತೆ ಇಡುವ ದ್ರವವೇ ಫಾರ್ಮಲಿನ್. 2018ರ ಜುಲೈಯಲ್ಲಿ, ಈ ಪೇಟೆಗೆ ಹೊರರಾಜ್ಯಗಳಿಂದ ಬಂದ ಮೀನಿನಲ್ಲಿ ಅದು ಬೆರೆತಿದೆಯೆಂಬ ಸಂಶಯವೆದ್ದು, ಗೋವೆಯ ಸರಕಾರವು ಹೊರಗಿನ ಮೀನನ್ನು ಕೆಲವು ದಿನ ತಡೆಯಿತು. ಮೀನುಸಾರು ಅನ್ನವೇ ನಿತ್ಯದ ಊಟವಾದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಹೊರಗಿನ ಮೀನು ಏಕೆ ಬೇಕು ಎಂದು ಮಕ್ಕಳು ಕೇಳಬಹುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು. ಹಿಂದಿನವರು ಇದಕ್ಕೆ ಬೇರೆ ಉಪಾಯ ಮಾಡಿಕೊಂಡಿದ್ದರು. ಮಳೆಗೆ ಮುಂಚೆ ಮಡಗಾಂವಿನಲ್ಲಿ ಇಂದಿಗೂ ‘ಪುರುಮೆಂತ್’ ಸಂತೆ ನೆರೆಯುತ್ತದೆ. ಒಣಮೀನು, ಮೆಣಸಿನಕಾಯಿ, ಹುಣಸೆಹಣ್ಣುಗಳನ್ನು ಅಲ್ಲಿ ಕೊಂಡು ಮಳೆಗಾಲಕ್ಕೆ ಕೂಡಿಡುತ್ತಾರೆ. ಬರುವ ವರ್ಷ ಮಕ್ಕಳನ್ನು ಆ ಸಂತೆಗೇ ಕರೆದೊಯ್ಯಬೇಕೆಂದು ನಾವು ಎಣಿಸಿದ್ದೇವೆ.